ಹುಳುವಿನ ಲೆಕ್ಕ

ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಇರುತ್ತದೆ. ಹಾಡಿಯಲ್ಲೋ, ಪಾಳುಬಾವಿಯಲ್ಲೋ, ಒಳಗಿನಿಂದ ಚಿಲಕ ಹಾಕಿದ ಬಾಡಿಗೆ ಕೋಣೆಯಲ್ಲೋ ಕೊಳೆತ ಸ್ಥಿತಿಯಲ್ಲಿ ಶವ ಪತ್ತೆ. ಮೂರು ನಾಲ್ಕು ದಿನಗಳ ಹಿಂದೆ ಮೃತಪಟ್ಟಿರಬೇಕೆಂದು ಶಂಕೆ. ಠಾಣೆಯಲ್ಲಿ ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲು. ಓದುಗರು ಊರಿನ ಹೆಸರು ನೋಡಿ, ಗುರುತಿನವರಲ್ಲ ಎಂದು ಖಚಿತವಾದರೆ ಪುಟ ಮಗುಚುತ್ತಾರೆ. ಆ ‘ಮೂರು ನಾಲ್ಕು ದಿನ’ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಯಾರೋ ಕೊನೆಯ ಸಲ ಕಂಡ ನೆನಪು, ಬಾಗಿಲಲ್ಲಿ ಬಿದ್ದಿದ್ದ ಹಾಲಿನ ಪ್ಯಾಕೆಟ್, ಎತ್ತದೇ ಬಿಟ್ಟ ಫೋನ್ ಕರೆ, ಇವುಗಳ ಜತೆಗೆ ಹೆಣ ಇದ್ದ ಸ್ಥಿತಿಯನ್ನೂ ಸೇರಿಸಿ ಹಾಕಿದ ಅಂದಾಜು ಅದು. ಹೆಣದ ಮೇಲೆ ಓಡಾಡುವ ಹುಳುಗಳ ವಯಸ್ಸನ್ನು ಲೆಕ್ಕ ಹಾಕಿದರೆ ಆ ಅಂದಾಜಿಗೆ ಇನ್ನಷ್ಟು ಗಟ್ಟಿತನ ಬರುತ್ತದೆ ಎಂಬುದು ವಿಜ್ಞಾನಕ್ಕೆ ಹೊಳೆದು ಒಂದೂಮುಕ್ಕಾಲು ಶತಮಾನ ಕಳೆದಿದೆ.

ಉಡುಪಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿ ಮಣಿಪಾಲ, ಪರ್ಕಳ, ಹಿರಿಯಡ್ಕ ದಾಟಿದರೆ ಪೆರ್ಡೂರು. ಅನಂತಪದ್ಮನಾಭನ ದೇವಸ್ಥಾನ, ಆ ದೇವರ ಹೆಸರಿನ ಯಕ್ಷಗಾನ ಮೇಳ, ದೇವರಿಗೆ ಸಲ್ಲುವ ಬಾಳೆಹಣ್ಣು, ಇವು ಊರಿನ ಗುರುತು. ಈ ಸೀಮೆಯಲ್ಲಿ ಹೆಣವೊಂದು ಸಿಕ್ಕಿದರೆ ಈಗ ಹಿರಿಯಡ್ಕ ಠಾಣೆಯ ಪೊಲೀಸರು ಬರುತ್ತಾರೆ. ನೂರು ವರ್ಷಗಳ ಹಿಂದೆ ಮೊದಲು ಬರಬೇಕಾದವರು ಪಟೇಲರು.

ಕೆನರಾ ಜಿಲ್ಲೆ ಎರಡಾದ ಮೇಲೆ, 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಸೇರಿತು, ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲೇ ಉಳಿಯಿತು. 1898ರ ದಂಡ ಪ್ರಕ್ರಿಯಾ ಸಂಹಿತೆ ಊರಿನ ಮುಖ್ಯಸ್ಥ, ಲೆಕ್ಕಿಗ, ಕಾವಲುಗಾರ ಮತ್ತು ಜಮೀನುದಾರರ ಮೇಲೆ ಒಂದು ಹೊಣೆ ಹೊರಿಸಿತ್ತು: ಊರಲ್ಲಿ ಹಠಾತ್ ಸಾವೋ ಅಸಹಜ ಸಾವೋ ಆದರೆ ಸರಕಾರಕ್ಕೆ ತಿಳಿಸಬೇಕು. ಶವ ತನಿಖೆಗೆ ಸಂಬಂಧಪಟ್ಟ 174ನೆಯ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ಮಾತ್ರ ಆ ತನಿಖೆಯನ್ನು ಊರಿನ ಮುಖ್ಯಸ್ಥನೇ ನಡೆಸಿ ಮ್ಯಾಜಿಸ್ಟ್ರೇಟರಿಗೆ ವರದಿ ಕಳಿಸಬಹುದು ಎಂದಿತು. ಅಂದರೆ ಪೆರ್ಡೂರಿನಂಥ ಊರಿನ ಪಟೇಲರಿಗೆ, ವೈದ್ಯಶಾಸ್ತ್ರದ ಗಂಧಗಾಳಿ ಇಲ್ಲದಿದ್ದರೂ, ನೆರೆಯ ನಾಲ್ಕು ಮಂದಿ ಮರ್ಯಾದಸ್ಥರನ್ನು ಪಂಚರಾಗಿ ಕೂರಿಸಿಕೊಂಡು ಸಾವಿನ ಕಾರಣ ಬರೆಯುವ ಅಧಿಕಾರವಿತ್ತು. ಗಾಯದ ಗುರುತು, ಹಗ್ಗ, ಕತ್ತಿ, ಹೆಣ ಬಿದ್ದ ಭಂಗಿ, ಇವು ಬರೆಯಲು ಸುಲಭ. ಯಾವತ್ತು ಸತ್ತದ್ದು ಎಂಬುದು ಕಷ್ಟ. ಅದಕ್ಕೆ ಅವರ ಕೈಯಲ್ಲಿದ್ದ ಸಾಧನ ಒಂದೇ: ಜೀವಂತ ಕೊನೆಯ ಸಲ ಕಂಡವರು ಯಾರು ಎಂಬ ಪ್ರಶ್ನೆ. ಕಂಡವನೇ ಕೊಂದವನಾದರೆ ಮಹಜರಿನ ದಿನವೂ ಅವನು ಹೇಳಿದ್ದೇ. ವಿಷಪ್ರಾಶನದ ಸಂಶಯವಿದ್ದರೆ ಒಳಾಂಗಗಳನ್ನು ಪರೀಕ್ಷಿಸಲು ಮದರಾಸಿನಲ್ಲಿ 1849ರಿಂದಲೇ ರಾಸಾಯನಿಕ ಪರೀಕ್ಷಕರ ಕಚೇರಿ ಇತ್ತು. ದಿನ ಹೇಳುವ ಕಚೇರಿ ಎಲ್ಲಿಯೂ ಇರಲಿಲ್ಲ.

ಹೆಣವನ್ನು ಕೂಲಂಕಷ ನೋಡಬೇಕೆಂಬ ವಿಚಾರ ಮಾತ್ರ ನಮ್ಮಲ್ಲಿ ಬಹಳ ಹಳೆಯದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದ ತಾಳೆಗರಿ ಕಟ್ಟೇ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತಾಗಿ ಸತ್ತವರ ಪರೀಕ್ಷೆಗೇ ಒಂದು ಅಧ್ಯಾಯವಿದೆ. ಹೆಣಕ್ಕೆ ಎಣ್ಣೆ ಹಚ್ಚಿ ಪರೀಕ್ಷಿಸಬೇಕು ಎಂದು ಅಲ್ಲಿ ಹೇಳಿದೆ. ಕತ್ತು ಹಿಸುಕಿದ್ದೋ, ನೇಣು ಹಾಕಿದ್ದೋ, ನೀರಿಗೆ ತಳ್ಳಿದ್ದೋ, ವಿಷವೋ ಎಂದು ಬೇರ್ಪಡಿಸುವ ಲಕ್ಷಣಗಳೂ ಇವೆ. ಹುಳುವಿನ ಮಾತಿಲ್ಲ. ಇರುವ ಹಾಗೂ ಇರಲಿಲ್ಲ. ಹುಳುಗಳು ಬೆವರು, ಬಿಸಿ, ಕೊಳೆತಗಳಿಂದ ತಾವಾಗಿಯೇ ಹುಟ್ಟುತ್ತವೆ, ಅವು ಸ್ವೇದಜಗಳು ಎಂದೇ ನಮ್ಮ ಹಿಂದಿನವರು ಎಣಿಸಿದ್ದರು. ಗ್ರೀಕರ ನಂಬಿಕೆಯೂ ಹೆಚ್ಚುಕಮ್ಮಿ ಅದೇ. ತಾನಾಗಿ ಹುಟ್ಟುವುದಕ್ಕೆ ಹುಟ್ಟಿದ ಹೊತ್ತು ಎಂಬುದಿಲ್ಲ. ಹೊತ್ತಿಲ್ಲದ್ದರಿಂದ ವಯಸ್ಸು ಲೆಕ್ಕ ಹಾಕುವುದು ಹೇಗೆ?

ನೊಣವನ್ನು ಕೊಲೆಯ ತನಿಖೆಗೆ ಮೊದಲು ಎಳೆದು ತಂದವರು ಚೀನೀಯರು. 1247ರಲ್ಲಿ ಸೊಂಗ್ ಸಿ ಎಂಬ ನ್ಯಾಯಾಧಿಕಾರಿ ಶವ ತನಿಖೆಯ ಕೈಪಿಡಿ ಬರೆದ. ಅದರಲ್ಲೊಂದು ಪ್ರಸಂಗ: ಒಬ್ಬನನ್ನು ಕುಡುಗೋಲಿನಿಂದ ಕಡಿದು ಕೊಂದಿದ್ದರು. ತನಿಖಾಧಿಕಾರಿ ಸುತ್ತಲಿನವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಲ್ಲಿ ಸಾಲಾಗಿ ಇಡಿಸಿದ. ತೊಳೆದಿದ್ದರೂ ಒಂದೇ ಒಂದು ಕುಡುಗೋಲಿಗೆ ನೊಣ ಮುತ್ತಿತು. ಅದರ ಒಡೆಯ ತಪ್ಪೊಪ್ಪಿಕೊಂಡ. ಈ ಕಥೆ ಹೇಳದೆ ಕೀಟಗಳ ಅಪರಾಧಶಾಸ್ತ್ರದ ಇತಿಹಾಸವನ್ನು ಯಾರೂ ಶುರುಮಾಡುವುದಿಲ್ಲ. ಆದರೆ ಆ ನೊಣ ಹೇಳಿದ್ದು ಆಯುಧವನ್ನು, ಹೊತ್ತನ್ನಲ್ಲ. ಹೊತ್ತಿನ ಲೆಕ್ಕಕ್ಕೆ ದಾರಿ ತೆರೆದದ್ದು 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಡಿದ ಬಹಳ ಸರಳವಾದ ಪ್ರಯೋಗ. ಕೆಲವು ಜಾಡಿಗಳಲ್ಲಿ ಮಾಂಸ ಹಾಕಿ ಬಾಯಿ ತೆರೆದಿಟ್ಟ, ಕೆಲವಕ್ಕೆ ತೆಳುಬಟ್ಟೆ ಕಟ್ಟಿದ. ತೆರೆದದ್ದರಲ್ಲಿ ಹುಳು ಬಿತ್ತು, ಕಟ್ಟಿದ್ದರಲ್ಲಿ ಮಾಂಸ ಬರೀ ಕೊಳೆಯಿತು. ಹುಳು ಬರುವುದು ನೊಣದ ಮೊಟ್ಟೆಯಿಂದ ಎಂದು ಸಿದ್ಧವಾದ ಮೇಲೆ, ಮೊಟ್ಟೆ ಇಟ್ಟದ್ದು ಯಾವಾಗ ಎಂದು ಕೇಳುವುದಕ್ಕೂ ಅರ್ಥ ಬಂತು.

ಕೇಳಲು ಇನ್ನೂ ಸುಮಾರು ಇನ್ನೂರು ವರ್ಷ ಬೇಕಾಯಿತು. ಫ್ರಾನ್ಸಿನ ಆರ್ಬ್ವಾ ಎಂಬ ಪಟ್ಟಣದಲ್ಲಿ 1850ರಲ್ಲಿ ಮನೆಯೊಂದನ್ನು ರಿಪೇರಿ ಮಾಡುತ್ತಿದ್ದಾಗ ಗೋಡೆಯ ಒಲೆಯ ಹಿಂದೆ ಒಣಗಿ ಹೋದ ಶಿಶುವಿನ ದೇಹ ಸಿಕ್ಕಿತು. ಹಿಂದಿನ ಕೆಲವೇ ವರ್ಷಗಳಲ್ಲಿ ಆ ಮನೆಗೆ ಒಕ್ಕಲುಗಳು ಒಂದರ ಮೇಲೊಂದು ಬದಲಾಗಿದ್ದವು. ಯಾರ ಕಾಲದ ಕೂಸು? ಬೆರ್ಜೆರೆ ಎಂಬ ವೈದ್ಯ ದೇಹದಲ್ಲಿದ್ದ ನೊಣದ ಖಾಲಿ ಕೋಶಗಳನ್ನೂ ಪತಂಗದ ಜೀವಂತ ಹುಳುಗಳನ್ನೂ ನೋಡಿ, ನೊಣ ಮೊಟ್ಟೆ ಇಟ್ಟದ್ದು 1848ರಲ್ಲಿ, ಒಣಗಿದ ಮೇಲೆ ಪತಂಗ ಬಂದದ್ದು 1849ರಲ್ಲಿ ಎಂದು ತೀರ್ಮಾನಿಸಿದ. ಈಗಿನ ಒಕ್ಕಲಿನವರು ಪಾರಾದರು, 1848ರಲ್ಲಿ ಅಲ್ಲಿದ್ದವರ ಮೇಲೆ ಸಂಶಯ ತಿರುಗಿತು. 1855ರಲ್ಲಿ ಅವನು ಇದನ್ನು ಪ್ರಕಟಿಸಿದ. ತಮಾಷೆಯೆಂದರೆ, ಅವನ ಲೆಕ್ಕದ ಬುಡವೇ ಸಡಿಲ. ನೊಣದ ಒಂದು ತಲೆಮಾರಿಗೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು ಎಂದು ಅವನು ನಂಬಿದ್ದ. ಬೇಸಗೆಯಲ್ಲಿ ಕೆಲವು ವಾರಗಳೇ ಸಾಕು. ಆದರೂ ಒಂದು ಜಾತಿಯ ಕೀಟ ಹೋದ ಮೇಲೆ ಇನ್ನೊಂದು ಜಾತಿ ಬರುತ್ತದೆ, ಆ ಸರದಿಯಲ್ಲಿ ಕಾಲ ಅಡಗಿದೆ ಎಂಬ ಅವನ ಮುಖ್ಯ ತರ್ಕ ಇಂದಿಗೂ ನಿಂತಿದೆ.

ಆ ಸರದಿಯನ್ನು ಪಟ್ಟಿ ಮಾಡಿದವನು ಪ್ಯಾರಿಸಿನ ಜ್ಯಾಂ ಪಿಯೆರ್ ಮೆನ್ಯಾಂ, ಕಸುಬಿನಲ್ಲಿ ಸೇನೆಯ ಪಶುವೈದ್ಯ. ಹೊರಗೆ ಬಿದ್ದ ಹೆಣಕ್ಕೆ ಎಂಟು ತಂಡಗಳಲ್ಲಿ ಕೀಟಗಳು ಬರುತ್ತವೆ ಎಂದು 1894ರಲ್ಲಿ ಅವನು ಪುಸ್ತಕ ಬರೆದ. ಅದೇ 1894ರಲ್ಲಿ ಮದರಾಸು ಸರಕಾರ ಜೆ. ಸ್ಟರಾಕ್ ಬರೆದ ‘ಸೌತ್ ಕೆನರಾ’ ಮ್ಯಾನುಯಲ್ಲಿನ ಮೊದಲ ಸಂಪುಟವನ್ನು ಪ್ರಕಟಿಸಿತು. ಇಲ್ಲಿ ಗದ್ದೆ, ತೀರ್ವೆ, ಮೂಲಗೇಣಿ, ಜಾತಿ, ಮಳೆ, ಅಲ್ಲಿ ಹೆಣದ ಕೀಟ; ಎಲ್ಲವನ್ನೂ ಅಳೆಯುವ ಹುಮ್ಮಸ್ಸು ಎರಡೂ ಕಡೆ ಇತ್ತು. ಆದರೆ ಪ್ಯಾರಿಸಿನ ಪಟ್ಟಿ ಪೆರ್ಡೂರಿಗೆ ಒಗ್ಗುತ್ತದೆಯೇ? ಈ ಪ್ರಶ್ನೆಯನ್ನು ಬಹಳ ಬೇಗ ಎತ್ತಿದವರು ಕೆನಡಾದವರು. ಮಾಂಟ್ರಿಯಲ್‌ನ ಜಾನ್‌ಸ್ಟನ್ ಮತ್ತು ವಿಲ್‌ನವ್ ಎಂಬಿಬ್ಬರು 1897ರಲ್ಲಿ, ಮೆನ್ಯಾಂನ ಕೋಷ್ಟಕಗಳನ್ನು ಬೇರೆ ಹವೆಯ ನಾಡಿಗೆ ಹಾಗೆಯೇ ಹಚ್ಚಬಾರದು ಎಂದು ಎಚ್ಚರಿಸಿದರು. ಇಡೀ ವಿದ್ಯೆಯ ತಿರುಳು ಇದೇ ಎನ್ನಬೇಕು.

ಭಾರತದಲ್ಲಿ ನೊಣಗಳ ಬಗ್ಗೆ ಆಸಕ್ತಿ ಇರಲಿಲ್ಲವೆಂದಲ್ಲ. ಅದು ರೋಗದ ದೃಷ್ಟಿಯಿಂದ ಇತ್ತು. ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ದುಡಿದ ಡಬ್ಲ್ಯು.ಎಸ್. ಪ್ಯಾಟನ್, ಎಫ್.ಡಬ್ಲ್ಯು. ಕ್ರ್ಯಾಗ್ ಜತೆ ಸೇರಿ 1913ರಲ್ಲಿ ವೈದ್ಯಕೀಯ ಕೀಟಶಾಸ್ತ್ರದ ದೊಡ್ಡ ಪಠ್ಯ ತಂದ. ಹುಣ್ಣಿನಲ್ಲಿ ಹುಳು ಬೀಳಿಸುವ ಭಾರತದ ನೊಣಗಳ ಬೆನ್ನು ಹತ್ತಿದ. 1940ರಲ್ಲಿ ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಈ ನೊಣಗಳಿಗೇ ಒಂದು ಸಂಪುಟ ಬಂತು. ಇತ್ತ ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು 1920ರಿಂದ ನೆಚ್ಚಿದ್ದು ಜೈಸಿಂಗ್ ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರವನ್ನು. ಭಾರತದ ಸೆಕೆಯಲ್ಲಿ ಮೈ ಸೆಟೆಯುವುದೂ ಸಡಿಲುವುದೂ ವಿಲಾಯತಿ ಪುಸ್ತಕಗಳು ಹೇಳುವುದಕ್ಕಿಂತ ಬೇಗ ಎಂದು ತೋರಿಸಿಕೊಟ್ಟ ಗ್ರಂಥ ಅದು. ಮೈ ತಣ್ಣಗಾಗುವುದು, ಸೆಟೆಯುವುದು, ರಕ್ತ ಕೆಳಗಿಳಿದು ಕಲೆಗಟ್ಟುವುದು, ಇವೆಲ್ಲ ಮೊದಲ ಒಂದೆರಡು ದಿನದ ಸಾಕ್ಷಿಗಳು. ಆಮೇಲಿನ ದಿನಗಳಿಗೆ ಉಳಿಯುವುದು ಕೊಳೆತ ಮತ್ತು ಹುಳು.

ಆ ಹುಳುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಲ್ಪೆಯಲ್ಲಿ ಮೀನು ಒಣಹಾಕುವ ಕಡೆ ನಿಂತರೆ ಮುಖಕ್ಕೆ ಬಡಿಯುವ, ಮೈ ನೀಲಿ ಹಸಿರಾಗಿ ಮಿರುಗುವ, ದೊಡ್ಡ ಕೆಂಪು ಕಣ್ಣಿನ ನೊಣವನ್ನು ಕರಾವಳಿಯವರೆಲ್ಲ ಬಲ್ಲರು. 1794ರಲ್ಲಿ ಫ್ಯಾಬ್ರಿಸಿಯಸ್ ಹೆಸರಿಟ್ಟ ಕ್ರೈಸೊಮಿಯಾ ಮೆಗಾಸೆಫಲಾ ಅಂಥದ್ದೊಂದು. ಏಷ್ಯಾದ ಒಣಮೀನು ವ್ಯಾಪಾರಕ್ಕೆ ಅದು ಹಳೆಯ ಶತ್ರು. ಹೆಣದ ಬಳಿಗೆ ಮೊದಲು ಬರುವವರಲ್ಲಿಯೂ ಅದೇ. ಕಣ್ಣು, ಮೂಗು, ಬಾಯಿ, ಗಾಯದ ಬಾಯಿ, ಇಲ್ಲಿ ಒಂದೊಂದು ಹೆಣ್ಣು ನೂರಾರು ಬಿಳಿ ಮೊಟ್ಟೆಗಳನ್ನು ಅಂಟಿಸುತ್ತದೆ. ಸುಮಾರು 27 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೊಟ್ಟೆ ಒಡೆಯಲು ಒಂದು ದಿನವೂ ಬೇಡ; ಹುಳು ಎರಡು ಸಲ ಪೊರೆ ಬಿಟ್ಟು, ಐದಾರು ದಿನಕ್ಕೆ ಕೋಶ ಕಟ್ಟಿ, ಒಂಬತ್ತು ಹತ್ತು ದಿನಕ್ಕೆ ನೊಣವಾಗಿ ಹಾರುತ್ತದೆ. ಹುಳುವಿನ ಪ್ರಾಯ ತಿಳಿಯಲು ಅದರ ತಲೆಯನ್ನಲ್ಲ, ಹಿಂಭಾಗವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅಲ್ಲಿರುವ ಜೋಡಿ ಉಸಿರುರಂಧ್ರಗಳಲ್ಲಿ ತಲಾ ಎರಡು ಸೀಳಿದ್ದರೆ ಎರಡನೆಯ ಹಂತ, ಮೂರು ಸೀಳಿದ್ದರೆ ಮೂರನೆಯದು. ತಲೆ ಮಾಂಸದಲ್ಲಿ ಹೂತುಹೋದಾಗಲೂ ಉಸಿರಾಡಬೇಕಲ್ಲ, ಆದ್ದರಿಂದ ಮೂಗು ಹಿಂದೆ.

ಇದರ ನೆಂಟ ಕ್ರೈಸೊಮಿಯಾ ರುಫಿಫೇಸಿಸ್ ತುಸು ತಡವಾಗಿ ಬರುತ್ತದೆ. ಅದರ ಹುಳುವಿನ ಮೈಯೆಲ್ಲ ಮುಳ್ಳಿನಂಥ ಮೊನೆಗಳು, ಸ್ವಭಾವವೂ ಹಾಗೆಯೇ: ಮೊದಲು ಬಂದವರ ಹುಳುಗಳನ್ನು ತಿಂದುಹಾಕುತ್ತದೆ. ಅಂದರೆ ಮೊದಲ ದಿನದ ಸಾಕ್ಷಿಯನ್ನು ಮೂರನೆಯ ದಿನದ ಸಾಕ್ಷಿ ನುಂಗಿಬಿಟ್ಟಿರಬಹುದು. ಇನ್ನೂ ತಡವಾಗಿ, ಎಲ್ಲ ಒಣಗಿದ ಮೇಲೆ ಡರ್ಮೆಸ್ಟಿಸ್ ದುಂಬಿ. ಅದೂ ಒಣಮೀನಿನ ಗೋಣಿಯಲ್ಲಿ ಕಾಣುವಂಥದ್ದೇ. ಅಂದಹಾಗೆ, ಪೆರ್ಡೂರಿನ ದೇವರ ಬಾಳೆಗೊನೆಗೆ ಮುತ್ತುವ ಸಣ್ಣ ನೊಣ ಈ ಬಳಗದ್ದಲ್ಲ. ಅದಕ್ಕೆ ಹುಳಿತ ಹಣ್ಣೇ ಪ್ರೀತಿ.

ಹುಳುವಿನ ವಯಸ್ಸು ಜಗತ್ತಿನ ಗಮನ ಸೆಳೆದ ಮೊಕದ್ದಮೆಯ ಆರೋಪಿ ಭಾರತದವನು. ಮುಂಬಯಿಯ ಪಾರ್ಸಿ ವೈದ್ಯ ಬಖ್ತ್ಯಾರ್ ಹಕೀಂ ಇಂಗ್ಲೆಂಡಿಗೆ ಹೋಗಿ ಬಕ್ ರಕ್ಸ್‌ಟನ್ ಎಂದು ಹೆಸರು ಬದಲಿಸಿಕೊಂಡು ಲ್ಯಾಂಕಾಸ್ಟರ್‌ನಲ್ಲಿ ಒಳ್ಳೆಯ ಹೆಸರಿನ ಡಾಕ್ಟರಾಗಿದ್ದ. 1935ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮಾಫಟ್ ಬಳಿಯ ಕೊರಕಲಿನಲ್ಲಿ ಬಟ್ಟೆ ಕಾಗದಗಳಲ್ಲಿ ಸುತ್ತಿದ ಅಂಗಾಂಗಗಳು ಸಿಕ್ಕಿದವು. ಎರಡು ಹೆಣಗಳು, ಗುರುತು ಸಿಗಬಾರದೆಂದು ಮುಖ, ಬೆರಳ ತುದಿಗಳನ್ನೂ ಬಿಡದೆ ಕತ್ತರಿಸಿದ ಕೈ ಶಸ್ತ್ರಚಿಕಿತ್ಸೆ ಬಲ್ಲವನದ್ದು. ಅಲ್ಲಿ ಸಿಕ್ಕ ಹುಳುಗಳನ್ನು ಗ್ಲಾಸ್ಗೊ ವಿಶ್ವವಿದ್ಯಾಲಯದ ಡಾ. ಅಲೆಕ್ಸಾಂಡರ್ ಮರ್ನ್ಸ್ ಪರೀಕ್ಷಿಸಿ, ಅವುಗಳ ವಯಸ್ಸು 12ರಿಂದ 14 ದಿನ ಎಂದರು. ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯ. ಡಾಕ್ಟರನ ಹೆಂಡತಿಯೂ ಮನೆಗೆಲಸದ ಹುಡುಗಿಯೂ ಕಾಣೆಯಾದದ್ದು ಅದೇ ಹೊತ್ತಿಗೆ. ಸುತ್ತಿದ್ದ ಕಾಗದದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಮಾರಾಟವಾದ, ಸೆಪ್ಟೆಂಬರ್ 15ರ ವಿಶೇಷ ಆವೃತ್ತಿಯ ಪತ್ರಿಕೆಯೂ ಇತ್ತು. ತಲೆಬುರುಡೆಯ ಚಿತ್ರವನ್ನು ಹೆಂಡತಿಯ ಫೋಟೊ ಮೇಲೆ ಹೊಂದಿಸಿ ನೋಡಿದರು. 1936ರ ಮೇ 12ರಂದು ಅವನನ್ನು ಗಲ್ಲಿಗೇರಿಸಲಾಯಿತು. ಹುಳುವೊಂದೇ ಅವನನ್ನು ಹಿಡಿಸಿತು ಎಂದು ಬರೆಯುವವರಿದ್ದಾರೆ, ಅದು ಉತ್ಪ್ರೇಕ್ಷೆ. ಕಾಗದ, ಎಲುಬು, ಹುಳು ಮೂರೂ ಒಂದೇ ಕಡೆಗೆ ಬೆರಳು ತೋರಿಸಿದವು. ಬಲ ಬಂದದ್ದು ಅದರಿಂದ. ಆ ಹುಳುಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ.

ಎಲ್ಲ ಕಡೆ ಇಷ್ಟು ಸಲೀಸಾಗಿ ಹೊಂದುವುದಿಲ್ಲ. ಕೆನಡಾದಲ್ಲಿ 1959ರಲ್ಲಿ ಸ್ಟೀವನ್ ಟ್ರಸ್ಕಾಟ್ ಎಂಬ 14 ವರ್ಷದ ಹುಡುಗನಿಗೆ, ಹುಡುಗಿಯೊಬ್ಬಳನ್ನು ಕೊಂದನೆಂದು ಮರಣದಂಡನೆ ವಿಧಿಸಲಾಯಿತು. ಆಮೇಲೆ ಅದು ಜೀವಾವಧಿಯಾಯಿತು. ಸತ್ತವಳ ಹೊಟ್ಟೆಯಲ್ಲಿದ್ದ ಆಹಾರ ನೋಡಿ ವೈದ್ಯರು ಸಾವಿನ ಹೊತ್ತನ್ನು ಗಂಟೆಯ ಲೆಕ್ಕಕ್ಕೆ ಇಳಿಸಿ ಹೇಳಿದ್ದೇ ಅವನಿಗೆ ಉರುಳಾದದ್ದು. ದಶಕಗಳ ನಂತರ ಮೇಲ್ಮನವಿ ವಿಚಾರಣೆಯಲ್ಲಿ, ಅಂದಿನ ಶವಪರೀಕ್ಷೆಯ ಟಿಪ್ಪಣಿಗಳಲ್ಲಿದ್ದ ನೊಣದ ಮೊಟ್ಟೆ ಹುಳುಗಳ ಮಾತೂ ಬಂತು. ಎರಡೂ ಪಕ್ಷದವರು ಕೀಟತಜ್ಞರನ್ನು ಕರೆಸಿದರು, ತಜ್ಞರು ಒಂದೇ ಮಾತು ಹೇಳಲಿಲ್ಲ. 2007ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿತು.

ಉಡುಪಿ ಸೀಮೆಯಲ್ಲಿ ಈ ಲೆಕ್ಕ ತಪ್ಪುವ ದಾರಿಗಳು ಬೇಕಾದಷ್ಟಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ನೊಣ ಹಾರುವುದಿಲ್ಲ, ಮೊಟ್ಟೆ ಇಡುವುದು ತಡವಾಗುತ್ತದೆ. ಇಟ್ಟ ಮೇಲೆ ಹುಳು ಮಾತ್ರ ಒಳಗೆ ತನ್ನ ಕೆಲಸ ನಡೆಸುತ್ತದೆ. ಕತ್ತಲಾದ ಮೇಲೆ ನೊಣ ಮೊಟ್ಟೆ ಇಡುವುದು ಅಪರೂಪ, ಹಾಗಾಗಿ ಸಂಜೆ ಸತ್ತವರ ಲೆಕ್ಕ ಬೆಳಗ್ಗೆ ಶುರು. ಬಾವಿಗೆ, ಹೊಳೆಗೆ ಬಿದ್ದವರ ಹೆಣ ತೇಲಿ ಮೇಲೆ ಬರುವ ತನಕ ನೊಣಕ್ಕೆ ದಾರಿಯಿಲ್ಲ. ಕಿಟಕಿ ಬಾಗಿಲು ಮುಚ್ಚಿದ ಮನೆಗೆ ಅದು ಹೊಗಲು ದಿನ ಹಿಡಿಯಬಹುದು. ಹುಳು ರಾಶಿಗಟ್ಟಿದರೆ ರಾಶಿಯ ಒಳಗಿನ ಬಿಸಿಯೇ ಹೊರಗಿಗಿಂತ ಹತ್ತು ಡಿಗ್ರಿ ಮೇಲೇರುವುದುಂಟು. ಆಗ ಬೆಳವಣಿಗೆ ಇನ್ನೂ ಚುರುಕು. ಗದ್ದೆ ತೋಟಗಳಿಗೆ ಬಿಡುವ ಮದ್ದು ಹೊಟ್ಟೆಯಲ್ಲಿದ್ದರೆ ಮತ್ತೊಂದು ಕಥೆ. ಹವಾಯಿಯಲ್ಲಿ ನಡೆದು 1989ರಲ್ಲಿ ಪ್ರಕಟವಾದ ಪ್ರಕರಣವೊಂದರಲ್ಲಿ ಹುಳುಗಳ ವಯಸ್ಸು ಐದು ದಿನ ಎನ್ನುತ್ತಿತ್ತು, ವ್ಯಕ್ತಿಯನ್ನು ಕೊನೆಯ ಸಲ ಕಂಡದ್ದು ಎಂಟು ದಿನಗಳ ಹಿಂದೆ. ಹುಳುಗಳನ್ನೇ ಪರೀಕ್ಷಿಸಿದಾಗ ಮ್ಯಾಲಥಿಯಾನ್ ಎಂಬ ಕೀಟನಾಶಕ ಸಿಕ್ಕಿತು. ವಿಷ ನೊಣಗಳನ್ನು ತಡೆದು ನಿಲ್ಲಿಸಿತ್ತು. ಆ ಹೆಣದ ಮೇಲಿದ್ದದ್ದು ನಮ್ಮಲ್ಲಿರುವ ಅವೇ ಎರಡು ಕ್ರೈಸೊಮಿಯಾ ಜಾತಿಗಳು.

ಆದ್ದರಿಂದ ಬಲ್ಲ ತಜ್ಞರು ‘ಇಷ್ಟು ದಿನದ ಹಿಂದೆ ಸತ್ತ’ ಎನ್ನುವುದಿಲ್ಲ. ‘ಕನಿಷ್ಠ ಇಷ್ಟು ದಿನಗಳಿಂದ ಈ ಹೆಣ ನೊಣಕ್ಕೆ ಸಿಕ್ಕಿದೆ’ ಎನ್ನುತ್ತಾರೆ. ವಕೀಲರಿಗೆ ಇದು ಹಿಡಿಸದಿರಬಹುದು. ಪ್ರಾಮಾಣಿಕವಾದ ಉತ್ತರ ಅಷ್ಟೇ.

ಪಟೇಲರ ಕಾಲ ಹೋಯಿತು. 1953ರಲ್ಲಿ ಮಣಿಪಾಲಕ್ಕೆ ಡಾ. ಟಿ.ಎಂ.ಎ. ಪೈಗಳ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು, ಮಂಗಳೂರಿನಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. 2023ರ ಜನವರಿಯಲ್ಲಿ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಶಂಕುಸ್ಥಾಪನೆ ಆಯಿತು. 2024ರ ಜುಲೈ 1ರಿಂದ 174ನೆಯ ಕಲಮಿನ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಂ ಬಂದಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೇ ಹೋಗಬೇಕೆಂಬ ನಿಯಮವೂ ಸೇರಿದೆ. ಹುಳುವಿನ ವಿದ್ಯೆಗೆ ಇದು ಅನುಕೂಲ. ಹೆಣ ಶವಾಗಾರ ತಲುಪಿ ಶೀತಕ ಪೆಟ್ಟಿಗೆ ಸೇರಿದರೆ ಹುಳುವಿನ ಬೆಳವಣಿಗೆ ನಿಧಾನವಾಗಿ ಲೆಕ್ಕ ಕೆಡುತ್ತದೆ; ಕೋಶ ಕಟ್ಟಲು ಹೊರಟ ಹಿರಿಯ ಹುಳುಗಳಂತೂ ಹೆಣ ಬಿಟ್ಟು ಸುತ್ತಲಿನ ಮಣ್ಣಿಗೆ, ತರಗೆಲೆಯ ಅಡಿಗೆ ಹೋಗಿರುತ್ತವೆ. ಎಲ್ಲಕ್ಕಿಂತ ಹಳೆಯ ಸಾಕ್ಷಿ ಅವೇ. ಹೆಣ ಎತ್ತಿಕೊಂಡು ಹೋದವರ ಕಾಲಡಿಯಲ್ಲೇ ಅವು ಉಳಿದುಬಿಡುತ್ತವೆ.

ಸಾಮಗ್ರಿ ದುಬಾರಿಯದ್ದಲ್ಲ. ಬಿಸಿನೀರಿಗೆ ಹಾಕಿ ಕೊಂದ ಹುಳುಗಳಿಗೆ ಆಲ್ಕೊಹಾಲಿನ ಒಂದು ಬಾಟಲಿ. ಜೀವಂತ ಹುಳುಗಳಿಗೆ ತುಂಡು ಲಿವರ್ ಹಾಕಿದ, ಗಾಳಿಯಾಡುವ ಇನ್ನೊಂದು ಡಬ್ಬಿ, ಏಕೆಂದರೆ ನೊಣವಾಗಿ ಹೊರಬಂದ ಮೇಲೆ ಜಾತಿ ಹೇಳುವುದು ಸುಲಭ. ಒಂದು ಥರ್ಮಾಮೀಟರ್, ಮಣ್ಣು ಕೆದಕಲು ಕರಣೆ. ಕಷ್ಟವಿರುವುದು ಹೋಲಿಸಿ ನೋಡುವ ಕೋಷ್ಟಕದಲ್ಲಿ. ಅಮೆರಿಕದಲ್ಲಿ ಜೆರ್ರಿ ಪೇನ್ ಸತ್ತ ಹಂದಿಮರಿಗಳನ್ನು ಹೊರಗಿಟ್ಟು, ಅವಕ್ಕೆ ಬಂದ 522 ಜಾತಿಯ ಜೀವಿಗಳನ್ನು ದಾಖಲಿಸಿ 1965ರಲ್ಲಿ ಪ್ರಕಟಿಸಿದ. ಪಟಿಯಾಲದ ಮೀನಾಕ್ಷಿ ಭಾರ್ತಿ ಮತ್ತು ದೇವಿಂದರ್ ಸಿಂಗ್ ಮೊಲದ ಕಳೇಬರಗಳ ಮೇಲೆ ಪಂಜಾಬಿನ ಕೀಟಗಳ ಸರದಿಯನ್ನು ನೋಡಿ 2003ರಲ್ಲಿ ಪ್ರಕಟಿಸಿದರು. ಪಂಜಾಬಿನ ಚಳಿಗಾಲವೂ ಆಟಿ ತಿಂಗಳ ಪೆರ್ಡೂರೂ ಒಂದಲ್ಲ. ಮಣಿಪಾಲದ ವಿದ್ಯಾರ್ಥಿಗಳಿಗೆ, ಜಿಲ್ಲೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಇದು ಕೈಗೆಟಕುವ ಕೆಲಸ: ಒಂದು ಮಳೆಗಾಲ, ಒಂದು ಬೇಸಗೆ, ಹಾಡಿಯ ನೆರಳಿನಲ್ಲಿ ಬಲೆ ಮುಚ್ಚಿದ ಹಂದಿಯ ಕಳೇಬರ, ದಿನಕ್ಕೆರಡು ಸಲ ಬರೆದಿಡುವ ತಾಪಮಾನ ಮತ್ತು ಬಂದ ಕೀಟಗಳ ಪಟ್ಟಿ. ಹಿರಿಯಡ್ಕದಿಂದ ಕಾಪು, ಕಾರ್ಕಳದವರೆಗಿನ ಠಾಣೆಗಳ ಸಿಬ್ಬಂದಿಗೆ ಹುಳು ಹೆಕ್ಕುವ ಕ್ರಮವನ್ನು ಒಂದು ದಿನದ ತರಬೇತಿಯಲ್ಲಿ ಹೇಳಿಕೊಡಬಹುದು. ಇವೆರಡನ್ನೂ ಆರಂಭಿಸಬೇಕು, ಅದೂ ಮುಂದಿನ ಮಳೆಗಾಲ ಶುರುವಾಗುವ ಮೊದಲು.